ಒಂದು ನೀರಿನಿಂದ ಇನ್ನೊಂದು ನೀರಿಗೆ

ಮೀನನ್ನು ಒಂದು ಟ್ಯಾಂಕಿನಿಂದ ಎತ್ತಿ ಇನ್ನೊಂದು ಟ್ಯಾಂಕಿಗೆ ಬಿಡುವುದರಲ್ಲಿ ನಗುವಂಥದ್ದು ಏನಿದೆ ಅಂತ ನನ್ನ ಗಂಡ ಕೇಳುತ್ತಾರೆ. ಏನೂ ಇಲ್ಲ. ಇಷ್ಟು ವರ್ಷದಲ್ಲಿ ಒಂದು ಮೀನೂ ನನ್ನನ್ನು ನಗಿಸಿಲ್ಲ. ಆದರೆ ಆ ಟ್ಯಾಂಕಿನ ಸುತ್ತ ನಿಂತಿರುತ್ತಾರಲ್ಲ, ಮನೆಯವರು, ಆಫೀಸಿನವರು, ಗೇಟಿನವರು, ಅವರು ತಿಂಗಳಿಗೆ ಒಂದಾದರೂ ಪ್ರಸಂಗ ಮಾಡಿಕೊಡದೆ ನಮ್ಮನ್ನು ಕಳಿಸುವುದಿಲ್ಲ.

ನಾನು ದಾವಣಗೆರೆಯವಳು. ಮನೆಯೊಳಗೆ ಮೊಟ್ಟೆಯೂ ಬಾರದ ಕುಟುಂಬ. ಮದುವೆಯಾಗಿ ಬೆಂಗಳೂರಿಗೆ ಬಂದು ಪೀಣ್ಯದ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷ ಕಾರ್ಖಾನೆಗಳ ನೀರು ಪರೀಕ್ಷೆ ಮಾಡುತ್ತಿದ್ದೆ. ಆ ಲ್ಯಾಬ್ ಮುಚ್ಚಿತು. ಅದೇ ಹೊತ್ತಿಗೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವಳೊಬ್ಬಳು ಮನೆ ಬದಲಾಯಿಸುತ್ತಿದ್ದಳು. “ನಿಂಗೆ ನೀರಿನ ವಿಷಯ ಗೊತ್ತಲ್ಲ, ನಮ್ಮನೆ ಮೀನು ಸ್ವಲ್ಪ ಸಾಗಿಸಿಕೊಡೇ” ಅಂದಳು. ಹದಿನಾಲ್ಕು ಮೀನು. ಹದಿನಾಲ್ಕೂ ಬದುಕಿದವು. ಅವಳು ನಾಲ್ಕು ಜನಕ್ಕೆ ಹೇಳಿದಳು, ಅವರು ಇನ್ನು ನಾಲ್ಕು ಜನಕ್ಕೆ ಹೇಳಿದರು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಮನೆ ಬದಲಾಯಿಸುವವರಿಗೇನೂ ಬರವಿಲ್ಲ. ಅದೇ ನನ್ನ ಕೆಲಸವಾಗಿಹೋಯಿತು.

ನನ್ನ ಜೊತೆ ಇರುವುದು ಒಂದು ಲಗೇಜ್ ಆಟೋ ಮತ್ತು ಅದರ ಡ್ರೈವರ್. ಐವತ್ತು ದಾಟಿದವರು, ಬೆಳ್ಳಂದೂರಿನ ಮೂಲದವರು. ಕೆರೆ ಪಕ್ಕ ಅವರದ್ದು ರಾಗಿ ಹೊಲ ಇತ್ತು. ಹುಡುಗನಾಗಿದ್ದಾಗ ಅದೇ ಕೆರೆಯಲ್ಲಿ ಗಾಳ ಹಾಕಿ ಬೆಳೆದವರು. ಮೀನಿನ ಬಗ್ಗೆ ನನಗೆ ಗೊತ್ತಿರುವುದು ಅದು ಬದುಕಿರುವ ತನಕದ್ದು. ಅಲ್ಲಿಂದ ಮುಂದಿನದ್ದೆಲ್ಲ ಅವರಿಗೆ ಗೊತ್ತು.

೧. ಸಿಗ್ನಲ್

ಆಟೋ ಹಿಂದೆ ಬೋರ್ಡ್ ಬರೆಸಿದ್ದು ಡ್ರೈವರ್. “ಅಕ್ವೇರಿಯಂ ಸ್ಥಳಾಂತರ” ಅಂತ ಬರೆಸಿ ಅಂದಿದ್ದೆ. ಸ್ಥಳಾಂತರ ಅಂದರೆ ಯಾರಿಗೆ ಅರ್ಥವಾಗುತ್ತೆ ಅಂತ ಪೇಂಟರ್ ತಾನೇ ಯೋಚನೆ ಮಾಡಿ, “ಜೀವಂತ ಮೀನು, ಮನೆ ಬಾಗಿಲಿಗೆ” ಅಂತ ಕೆಂಪಕ್ಷರದಲ್ಲಿ ಬರೆದುಬಿಟ್ಟಿದ್ದ.

ಅದರ ಮಾರನೇ ದಿನ ವರ್ತೂರು ಕಡೆಯ ಒಂದು ಸಿಗ್ನಲ್‌ನಲ್ಲಿ ನಿಂತಿದ್ದೆವು. ಪಕ್ಕದಲ್ಲಿ ಸ್ಕೂಟರ್ ಮೇಲೆ ಗಂಡ ಹೆಂಡತಿ. ಹಿಂದಿನ ಬೋರ್ಡ್ ಓದಿಕೊಂಡೇ ಬಂದಿದ್ದ ಗಂಡ, ಹೆಲ್ಮೆಟ್ ಗಾಜು ಮೇಲಕ್ಕೆತ್ತಿದರು.

“ಮೇಡಂ, ಫ್ರೆಶ್ಶಾ?”

“ಬೆಳಿಗ್ಗೆ ತಾನೇ ಎತ್ತಿದ್ದು ಸಾರ್.”

“ಕ್ಲೀನ್ ಮಾಡ್ಕೊಡ್ತೀರಾ?”

ಟ್ಯಾಂಕ್ ಕ್ಲೀನ್ ಮಾಡುವುದನ್ನು ಕೇಳುತ್ತಿದ್ದಾರೆ ಅಂದುಕೊಂಡೆ. “ಎಲ್ಲಾ ನಾವೇ ಮಾಡ್ತೀವಿ. ನೀವು ಕೈ ಒದ್ದೆ ಮಾಡ್ಕೊಳ್ಳೋದೇ ಬೇಡ.”

ಹೆಂಡತಿ ಹಿಂದಿನಿಂದ ಬಗ್ಗಿದರು. “ಮನೇಲಿ ನಾವು ನಾಲ್ಕು ಜನ. ಎಷ್ಟು ದೊಡ್ಡದು ತಗೋಬೇಕು?”

“ಎರಡು ಅಡೀದು ಸಾಕು. ನಾಲ್ಕು ಜನ ಆರಾಮಾಗಿ ಸುತ್ತ ಕೂತ್ಕೊಂಡು ನೋಡಬಹುದು.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೋಡಿದ್ಮೇಲೆ?” ಅಂತ ಆಕೆ ಕೇಳಿದರು.

ಡ್ರೈವರ್ ಹ್ಯಾಂಡಲ್ ಮೇಲೆ ಹಣೆ ಇಟ್ಟುಕೊಂಡು, “ಮೇಡಂ, ಅವ್ರು ಮೀನ್ ಸಾರಿಗೆ ಕೇಳ್ತಾವ್ರೆ” ಅಂದರು.

ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು. ಸ್ಕೂಟರ್ ನಮ್ಮ ಪಕ್ಕದಲ್ಲೇ ಬರುತ್ತಿತ್ತು. ಇವು ಸಾಕುವ ಮೀನು, ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತೇವೆ, ನಾನಂತೂ ಮೀನು ತಿನ್ನುವವಳೇ ಅಲ್ಲ ಅಂತ ಕಿಟಕಿಯಿಂದ ತಲೆ ಹೊರಗೆ ಹಾಕಿ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

“ತಿನ್ನೋದೂ ಇಲ್ಲ, ಮಾರೋದೂ ಇಲ್ಲ. ಮತ್ತೆ ಯಾಕಮ್ಮ ಈ ಟ್ರಾಫಿಕ್ಕಲ್ಲಿ ಹೊತ್ಕೊಂಡು ತಿರುಗ್ತೀರಾ?”

ನಮ್ಮತ್ತೆಯ ಪ್ರಶ್ನೆಯೂ ಇದೇ.

೨. ಮೊಣಕೈ

ಬ್ರೂಕ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರೊಬ್ಬರು ಹಳೆಯ ಚಿಕ್ಕ ಟ್ಯಾಂಕಿನಿಂದ ಹೊಸ ದೊಡ್ಡ ಟ್ಯಾಂಕಿಗೆ ಮೀನು ಹಾಕಿಸಬೇಕಿತ್ತು. ಬೆರಳುದ್ದವೂ ಇಲ್ಲದ ಸಣ್ಣ ಮೀನುಗಳು, ಹೊಟ್ಟೆಯ ಪಕ್ಕ ನೀಲಿ ಗೆರೆ. ಕ್ರಮ ಸುಲಭದ್ದು. ಮೀನನ್ನು ಹಳೆಯ ನೀರಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಹೊಸ ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಬೇಕು. ಒಳಗಿನ ಬಿಸಿ ಹೊರಗಿನ ಬಿಸಿ ಒಂದಾಗುತ್ತದೆ. ಆಮೇಲೆ ಚೀಲಕ್ಕೆ ಐದೈದು ನಿಮಿಷಕ್ಕೆ ಒಂದೊಂದು ಲೋಟ ಹೊಸ ನೀರು. ಕೊನೆಗೆ ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡುವುದು.

ಇಪ್ಪತ್ತು ನಿಮಿಷ ಆಯಿತು. ನಾನು ಚೀಲದ ಗಂಟು ಬಿಚ್ಚಲು ಹೋದೆ.

“ಬೇಡ ಮೇಡಂ, ಇನ್ನೂ ಪಾಯಿಂಟ್ ತ್ರೀ ವ್ಯತ್ಯಾಸ ಇದೆ” ಅಂದರು. ಚೀಲಕ್ಕೊಂದು, ಟ್ಯಾಂಕಿಗೊಂದು ಥರ್ಮಾಮೀಟರ್ ಇಳಿಬಿಟ್ಟಿದ್ದರು.

“ಅಷ್ಟು ಇದ್ರೆ ಏನೂ ಆಗಲ್ಲ ಸಾರ್.”

“ಸೊನ್ನೆ ಆಗ್ಲಿ.”

ಫ್ಯಾನ್ ಆರಿಸಿದರು. ಚೀಲ ತಣ್ಣಗಾಗಲಿಲ್ಲ, ಟ್ಯಾಂಕ್ ಬೆಚ್ಚಗಾಯಿತು. ಫ್ಯಾನ್ ಹಾಕಿದರು, ಈಗ ಚೀಲ ಮೇಲೆ, ಟ್ಯಾಂಕ್ ಕೆಳಗೆ. ಪರದೆ ಎಳೆದರು, ಪರದೆ ಸರಿಸಿದರು. ಒಂದು ಸಲ ಎರಡೂ ಒಂದೇ ಅಂಕಿ ತೋರಿಸಿದವು. ಅದನ್ನು ಫೋಟೋ ತೆಗೆಯಲು ಫೋನ್ ಹುಡುಕುವಷ್ಟರಲ್ಲಿ ಮತ್ತೆ ಬದಲಾಯಿತು. ಒಂದು ಗಂಟೆ ದಾಟಿತು. ಚೀಲದೊಳಗಿನ ಗಾಳಿ ಕಡಿಮೆಯಾಗುತ್ತಿದೆ ಅಂತ ನನಗೆ ಒಳಗೊಳಗೇ ಭಯ. ಗಂಟು ಸಡಿಲಿಸಿ ಚೀಲದ ಬಾಯಿ ತೆರೆದು ಹಿಡಿದುಕೊಂಡು ನಿಂತೆ. ಕೈ ಜೋಮು ಹಿಡಿಯಿತು.

ಅವರ ತಾಯಿ ವಿಜಯಪುರದಿಂದ ಬಂದಿದ್ದರು. ಅಲ್ಲೇ ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದವರು, ಎರಡು ಕಟ್ಟು ಮುಗಿಸಿ ತಲೆ ಎತ್ತಿದರು.

“ತಮ್ಮಾ, ಆ ಮೀನಾ ಯಾವಾಗ ಬಿಡಾಂವ ನೀ?”

“ಇನ್ನೂ ಪಾಯಿಂಟ್ ಟೂ ಅದ ಅವ್ವಾ.”

“ನೀ ಸಣ್ಣಾಂವ ಇದ್ದಾಗ ನಿನಗ ಎರಿಯೂ ಮುಂದ ನೀರಾಗ ಮೊಣಕೈ ಅದ್ದಿ ನೋಡ್ತಿದ್ದೆ. ಅಷ್ಟ. ನಿನಗೇನರ ಆತೇನು? ಚಲೋ ಬೆಳದು ನಿಂತೀ ಇಲ್ಲ?”

ಮಗ ಥರ್ಮಾಮೀಟರಿನಿಂದ ಕಣ್ಣು ತೆಗೆದು ಸ್ವಲ್ಪ ಯೋಚಿಸಿದರು. ತಾಯಿಯಾದರೂ ನನ್ನನ್ನು ಬಿಡಿಸಿದರಲ್ಲ ಅಂತ ನಾನು ಬಲೆ ಕೈಗೆ ತೆಗೆದುಕೊಂಡೆ.

“ಅವ್ವಾ,” ಅಂದರು, “ಆಗ ಮೊಣಕೈಗೆ ಎಷ್ಟ ಡಿಗ್ರಿ ಇತ್ತು?”

೩. ಗಾಳಿ

ಆರು ಗೋಲ್ಡ್‌ಫಿಶ್. ಒಂದೊಂದೂ ಅಂಗೈಯಷ್ಟು ದೊಡ್ಡದು. ಮುಚ್ಚಳದ ದೊಡ್ಡ ಬಕೆಟಿನಲ್ಲಿಟ್ಟು ಹೊರವರ್ತುಲ ರಸ್ತೆಯಲ್ಲಿ ಹೋಗುತ್ತಿದ್ದೆವು. ಬಕೆಟಿಗೆ ಸೆಲ್ ಹಾಕಿ ನಡೆಸುವ ಸಣ್ಣ ಪಂಪ್ ಇರುತ್ತದೆ. ಅದು ಗುಳುಗುಳು ಅಂತ ಗಾಳಿ ಬಿಡುತ್ತಿದ್ದರೆ ಮೀನಿಗೆ ಉಸಿರು. ಬೆಳ್ಳಂದೂರು ಹತ್ತಿರ ಗಾಡಿಗಳು ನಿಂತವು. ಕಾಲು ಗಂಟೆಯಾದರೂ ಚಕ್ರ ಒಂದು ಸುತ್ತು ತಿರುಗಲಿಲ್ಲ. ಪಂಪಿನ ಸದ್ದು ನಿಧಾನವಾಗಿ ಸಣ್ಣಗಾಗಿ ನಿಂತುಹೋಯಿತು. ಚೀಲದಲ್ಲಿ ಬೇರೆ ಸೆಲ್ ಹುಡುಕಿದೆ. ಹಿಂದಿನ ದಿನ ಕ್ರಿಕೆಟ್ ಇತ್ತು. ಸೆಲ್ ನಮ್ಮ ಮನೆಯ ಟಿವಿ ರಿಮೋಟಿನೊಳಗೆ ಹೋಗಿತ್ತು.

ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ನಾನು ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಾ ಕೂತೆ. ಹಾಗೆ ಸುರಿದರೂ ಸ್ವಲ್ಪ ಗಾಳಿ ಸೇರುತ್ತದೆ, ಆದರೆ ಆರು ದೊಡ್ಡ ಮೀನಿಗೆ ಸಾಲದು.

“ಇಂಗೇ ಕೂತ್ರೆ ಆಗಲ್ಲ ಮೇಡಂ” ಅಂತ ಡ್ರೈವರ್ ಆಟೋವನ್ನು ಸರ್ವಿಸ್ ರಸ್ತೆಗೆ ಇಳಿಸಿ, ಒಂದು ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದರು. “ಅಣ್ಣ, ಅರ್ಜೆಂಟ್ ಗಾಳಿ ಬೇಕು.”

ಅಂಗಡಿಯವರು ಪೈಪ್ ಎಳೆದುಕೊಂಡು ಬಂದರು. “ಮುಂದಿಂದಾ, ಹಿಂದಿಂದಾ?”

“ಮೀನಿಂದು.”

ಅವರು ಬಕೆಟಿನೊಳಗೆ ಇಣುಕಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. “ಎಷ್ಟು ಪಾಯಿಂಟ್?”

ಆ ಪೈಪಿನ ರಭಸಕ್ಕೆ ಮೀನು ಬಕೆಟಿನಿಂದ ಹಾರಿ ರಸ್ತೆಗೆ ಬೀಳುತ್ತದೆ, ಮೆಲ್ಲಗೆ ಬರಬೇಕು, ಬಹಳ ಹೊತ್ತು ಬರಬೇಕು ಅಂತ ಹೇಳಿದೆ. ಅವರು ಒಂದು ನಿಮಿಷ ತಲೆ ಕೆರೆದುಕೊಂಡರು. ಆಮೇಲೆ ಒಳಗಿನಿಂದ ಒಂದು ಹಳೆಯ ಕಾರ್ ಟ್ಯೂಬ್ ತಂದು ಬಿಗಿಯಾಗಿ ಗಾಳಿ ತುಂಬಿದರು. ನಮ್ಮ ಪಂಪಿನ ಸಣ್ಣ ಪೈಪನ್ನು ಅದರ ಬಾಯಿಗೆ ಸಿಕ್ಕಿಸಿ, ಗಾಳಿ ಇಷ್ಟಿಷ್ಟೇ ಬಿಡುವ ಹಾಗೆ ದಾರ ಸುತ್ತಿ ಕೊಟ್ಟರು. ಪೈಪಿನ ತುದಿ ನೀರಿಗೆ ಬಿಟ್ಟೆ. ಗುಳುಗುಳು ಅಂತ ಗುಳ್ಳೆ ಬಂತು. ಮೀನುಗಳು ಒಂದೊಂದಾಗಿ ಕೆಳಗಿಳಿದವು. ನನಗೂ ಉಸಿರು ಬಂತು.

ಅಂಗಡಿಯವರು ಹೋಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಬಕೆಟನ್ನೇ ನೋಡುತ್ತಿದ್ದರು. ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡಿ ತೂತು ಹುಡುಕುವ ಕೆಲಸ ತಾನೇ ಅವರದ್ದು.

“ಇಪ್ಪತ್ತು ವರ್ಷ ಆಯ್ತು ಮೇಡಂ,” ಅಂದರು. “ಗುಳ್ಳೆ ಬರ್ತಿದ್ರೂ ಮುಚ್ಚದೆ ಸುಮ್ನೆ ಕೂತಿರೋದು ಇವತ್ತೇ. ಕೈ ತಡೀತಾ ಇಲ್ಲ.”

೪. ಫಲಾಹಾರ

ಪೀಣ್ಯದಲ್ಲಿ ಗೇರ್ ಮಾಡುವ ಒಂದು ಕಾರ್ಖಾನೆ. ಮಾಲೀಕರ ಕೋಣೆಯಲ್ಲಿ ಒಂದು ದೊಡ್ಡ ಆಸ್ಕರ್ ಮೀನು. ಕರಿ ಮೈ, ಕೆಂಪು ಮಚ್ಚೆ, ಮುಖ ನೋಡಿದರೆ ಯಾವುದೋ ಬಿಲ್ ಪಾಸ್ ಮಾಡಲು ಒಪ್ಪದ ಹಾಗೆ. ಟ್ಯಾಂಕಿನಲ್ಲಿ ತಿರುಗಲು ಜಾಗ ಸಾಲದಷ್ಟು ಬೆಳೆದಿತ್ತು, ಹೊಸದು ತರಿಸಿದ್ದರು.

ಮೀನು ಸಾಗಿಸುವ ಹಿಂದಿನ ದಿನ ಅದಕ್ಕೆ ಊಟ ಕೊಡಬಾರದು. ಹೊಟ್ಟೆ ತುಂಬಿದ್ದರೆ ಬಕೆಟಿನ ನೀರು ಕೆಡಿಸಿಕೊಂಡು ಅದರಲ್ಲೇ ಒದ್ದಾಡುತ್ತದೆ. ಸ್ಟೋರ್ಸ್ ನೋಡಿಕೊಳ್ಳುವವರನ್ನು ಕೇಳಿದೆ, “ಊಟ ಹಾಕೋದು ಯಾರು?”

“ನಾನೊಬ್ಬನೇ ಮೇಡಂ. ಬೆಳಿಗ್ಗೆ ಹತ್ತು ಕಾಳು, ಎಣಿಸಿ.”

“ನಾಳೆ ಅದೂ ಬೇಡ. ಟ್ಯಾಂಕ್ ಮೇಲೆ ಒಂದು ಚೀಟಿ ಅಂಟಿಸಿ.”

ಮಾರನೇ ದಿನ ಬಿಟ್ಟು, ಅದರ ಮರುದಿನ ಹೋದೆ. ಚೀಟಿ ಇತ್ತು. “ಇವತ್ತು ಮೀನಿಗೆ ಉಪವಾಸ” ಅಂತ ದುಂಡಗೆ ಬರೆದಿದ್ದರು. ಅದರ ಕೆಳಗೆ ಮೀನು ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ನೀರು ಅಕ್ಕಿ ತೊಳೆದ ಹಾಗಿತ್ತು.

ವಿಚಾರಣೆ ಶುರುವಾಯಿತು. ಟೀ ತರುವ ಅಕ್ಕ ಮೊದಲು ಬಾಯಿಬಿಟ್ಟರು. ದಿನಾ ಒಂದು ಚೂರು ಬನ್ ಹಾಕುತ್ತಾರಂತೆ. “ಆದ್ರೆ ನಿನ್ನೆ ಬನ್ ಹಾಕ್ಲಿಲ್ಲ ಮೇಡಂ, ಆಣೆಗೂ. ಉಪವಾಸ ಅಂತ ಬರ್ದಿತ್ತಲ್ಲ, ಬರೀ ಬಾಳೆಹಣ್ಣು ಹಾಕ್ದೆ.”

ಅಕೌಂಟ್ಸಿನವರು ಅವಲಕ್ಕಿ ಹಾಕಿದ್ದರು, ನೆನೆಸಿ. ಲೇತ್ ಮಷೀನಿನವರು ನಾಲ್ಕು ಕಾಳು ದ್ರಾಕ್ಷಿ. ಉಪವಾಸದ ನೇಮ ಯಾರೂ ಕೆಡಿಸಿರಲಿಲ್ಲ. ಸ್ಟೋರ್ಸಿನವರು ಮಾತ್ರ ನಿಜವಾಗಿಯೂ ಏನೂ ಹಾಕಿರಲಿಲ್ಲ. ಅವರು ಒಬ್ಬೊಬ್ಬರ ಮುಖ ನೋಡುತ್ತಾ, “ಹಾಗಾದ್ರೆ ಇಷ್ಟು ದಿನ ನಾನು ಕಾಳು ಎಣಿಸಿದ್ದು ಯಾಕೆ?” ಅಂತ ಬೇಸರದಿಂದ ಕೇಳಿದರು.

ಆ ದಿನ ಮೀನನ್ನು ಸಾಗಿಸುವ ಹಾಗಿರಲಿಲ್ಲ. ಕೊಳಕು ನೀರು ಸ್ವಲ್ಪ ತೆಗೆದು, ಅಷ್ಟೇ ಹೊಸ ನೀರು ಹಾಕಿ, ಚೀಟಿಯನ್ನು ನಾನೇ ಹೊಸದಾಗಿ ಬರೆದೆ: “ಏನೂ ಹಾಕಬಾರದು. ಫಲಾಹಾರವೂ ಇಲ್ಲ.” ಎರಡು ದಿನ ಬಿಟ್ಟು ಬರುತ್ತೇನೆ ಅಂತ ಮಾಲೀಕರಿಗೆ ಹೇಳಿದೆ. ಇಷ್ಟೆಲ್ಲ ನಡೆಯುವಾಗ ಅವರು ತಮ್ಮ ಕುರ್ಚಿಯಲ್ಲಿ ಕೂತು ಕಾಗದ ನೋಡುತ್ತಲೇ ಇದ್ದರು. ನಾನು ಬಾಗಿಲ ತನಕ ಹೋದ ಮೇಲೆ ಹಿಂದಿನಿಂದ ಕರೆದರು.

“ಮೇಡಂ, ನಂದೂ ಒಂದು ತುತ್ತು ಉಪ್ಪಿಟ್ಟು ಹೋಗಿದೆ.” ಸ್ವರ ತಗ್ಗಿಸಿದರು. “ಈರುಳ್ಳಿ ಹಾಕಿರಲಿಲ್ಲ.”

೫. ಗಲೀಜು

ಈ ಪ್ರಸಂಗದಲ್ಲಿ ನನಗೆ ಕಣ್ಣೀರು ಬರುವುದೊಂದು ಬಾಕಿ ಇತ್ತು.

ಅಕ್ವೇರಿಯಂ ಫಿಲ್ಟರಿನೊಳಗೆ ಒಂದು ಸ್ಪಂಜ್ ಇರುತ್ತದೆ. ನೋಡಲು ಕಂದು ಬಣ್ಣ, ಮುಟ್ಟಿದರೆ ಲೋಳೆ. ಆದರೆ ಟ್ಯಾಂಕಿನ ಜೀವವೇ ಅದರಲ್ಲಿ. ಮೀನಿನ ಕೊಳೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಅಲ್ಲಿ ಮನೆ ಮಾಡಿಕೊಂಡಿರುತ್ತವೆ. ಹೊಸ ಟ್ಯಾಂಕಿಗೆ ಹೋಗುವಾಗ ಮೀನಿಗಿಂತ ಮೊದಲು ಆ ಕೊಳಕು ಸ್ಪಂಜನ್ನು ಕಾಪಾಡಬೇಕು. ಅದಿಲ್ಲದಿದ್ದರೆ ಎರಡು ಮೂರು ದಿನದಲ್ಲಿ ಹೊಸ ನೀರು ಮೀನಿಗೆ ವಿಷವಾಗುತ್ತದೆ.

ಬೆಳ್ಳಂದೂರಿನ ಒಂದು ಫ್ಲಾಟ್. ಇಪ್ಪತ್ತನಾಲ್ಕು ಮೀನು. ಮನೆಯಾಕೆ ಆಫೀಸಿಗೆ ಹೋಗಿದ್ದರು, ಮನೆಗೆಲಸದ ಅಕ್ಕ ಇದ್ದರು. ಸ್ಪಂಜನ್ನು ಹಳೆಯ ನೀರಿನ ಒಂದು ಬಕೆಟಿನಲ್ಲಿ ಜೋಪಾನವಾಗಿಟ್ಟು, ಪಕ್ಕದ ಕೋಣೆಯಲ್ಲಿ ಹೊಸ ಟ್ಯಾಂಕಿಗೆ ಕಲ್ಲು ಜೋಡಿಸುತ್ತಿದ್ದೆ. ವಾಪಸ್ ಬಂದರೆ ಬಕೆಟ್ ಫಳಫಳ ಹೊಳೆಯುತ್ತಾ ಬೋರಲು ಬಿದ್ದಿದೆ. ಸ್ಪಂಜ್ ಬಾಲ್ಕನಿಯ ಹಗ್ಗದಲ್ಲಿ ಕ್ಲಿಪ್ ಹಾಕಿಸಿಕೊಂಡು ಬಿಸಿಲು ಕಾಯಿಸುತ್ತಿದೆ. ಬಣ್ಣ ಅಚ್ಚ ನೀಲಿ.

“ಎಷ್ಟು ಗಲೀಜಿತ್ತು ಮೇಡಂ,” ಅಂದರು ಅಕ್ಕ. “ಸೋಪಿನ ಪುಡಿ ಹಾಕಿ ಮೂರು ಸಲ ಹಿಂಡಿದೆ.”

ಅವರ ಮುಖದಲ್ಲಿ ಅಷ್ಟು ಸಂತೋಷ ಇತ್ತು. “ಒಳ್ಳೇದಾಯ್ತು ಅಕ್ಕ” ಅಂತ ಹೇಳಿ ಮೆಟ್ಟಿಲ ಹತ್ತಿರ ಹೋಗಿ ಫೋನ್ ತೆಗೆದೆ. ಬೇರೆ ಯಾರದಾದರೂ ಹಳೆಯ ಟ್ಯಾಂಕಿನ ಕೊಳಕು ಸ್ಪಂಜ್ ಬೇಕಿತ್ತು, ಅವತ್ತೇ.

ಮೊದಲು ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಮಾಡಿದೆ. “ಸಾರ್, ನಿಮ್ಮ ಟ್ಯಾಂಕಿನ ಸ್ಪಂಜ್ ಗಲೀಜಾಗಿದೆಯಾ?”

“ಯಾರಮ್ಮ ಹಾಗಂದಿದ್ದು?” ಅಂದರು. ಸಮಾಧಾನ ಮಾಡಲು ಐದು ನಿಮಿಷ ಹಿಡಿಯಿತು.

ಎರಡನೆಯವರು ಒಬ್ಬ ಟೀಚರ್. “ನಮ್ಮನೇಲಿ ವಾರಕ್ಕೆ ಎರಡು ಸಲ ಬಿಸಿನೀರಲ್ಲಿ ತೊಳಿತೀವಿ.” ಅವರ ಮೀನು ಪದೇ ಪದೇ ಯಾಕೆ ಸಾಯುತ್ತಿವೆ ಅಂತ ಆಗ ಗೊತ್ತಾಯಿತು. ಅದನ್ನು ಇನ್ನೊಂದು ದಿನ ಹೇಳೋಣ ಅಂತ ಫೋನ್ ಇಟ್ಟುಬಿಟ್ಟೆ.

ಮೂರನೆಯವನು ಚಂದಾಪುರದಲ್ಲಿ ಒಂದು ರೂಮು ಮಾಡಿಕೊಂಡಿರುವ ಫ್ಯಾಕ್ಟರಿ ಕೆಲಸಗಾರ, ಮದುವೆಯಾಗದವನು. ನಾಚಿಕೊಳ್ಳುತ್ತಾ ಹೇಳಿದ. “ಅಕ್ಕ, ಬೈಬೇಡಿ. ನಾಲ್ಕು ತಿಂಗಳಿಂದ ಮುಟ್ಟೇ ಇಲ್ಲ.”

“ದೇವರು ನಿನ್ನ ಚೆನ್ನಾಗಿಟ್ಟಿರಲಿ ಕಣಪ್ಪ. ಮುಟ್ಟಬೇಡ, ಬಂದೆ.”

“ಬೇಗ ಬನ್ನಿ ಅಕ್ಕ. ಊರಿಂದ ಅಮ್ಮ ಬಂದವ್ರೆ. ಬೆಳಿಗ್ಗೆಯಿಂದ ಬಕೆಟ್ ಹಿಡ್ಕೊಂಡು ಇದನ್ನೇ ನೋಡ್ತಾವ್ರೆ.”

ಮೀನುಗಳನ್ನು ಹಳೆಯ ನೀರಿನಲ್ಲೇ ಬಿಟ್ಟು, ಗಾಳಿ ಪಂಪ್ ಹಾಕಿ, ಅಕ್ಕನಿಗೆ ಇನ್ನು ಏನನ್ನೂ ತೊಳೆಯಬೇಡಿ ಅಂತ ಕೈ ಮುಗಿದು ಹೊರಟೆವು. ಡ್ರೈವರ್ ಅವತ್ತು ಓಡಿಸಿದ ಹಾಗೆ ಯಾವತ್ತೂ ಓಡಿಸಿಲ್ಲ. ನಾವು ತಲುಪುವಾಗ ಅವನು ಟ್ಯಾಂಕಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತಿದ್ದ. ಎದುರಿಗೆ ತಾಯಿ, ಕೈಯಲ್ಲಿ ತೆಂಗಿನ ನಾರು.

ಸ್ಪಂಜನ್ನು ಕತ್ತರಿಯಿಂದ ಅರ್ಧ ಮಾಡಿದೆ. ಅರ್ಧ ಅವನ ಮೀನಿಗೆ ಬೇಕಲ್ಲ. ನಮ್ಮ ಅರ್ಧವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬೆಳಕಿಗೆ ಹಿಡಿದು, “ಎಷ್ಟು ಚೆನ್ನಾಗಿ ಇಟ್ಕೊಂಡಿದೀಯಪ್ಪಾ” ಅಂದೆ. ಮನಸ್ಸಿನಿಂದಲೇ ಅಂದೆ. ಕಂದು ಲೋಳೆ ಮೊಣಕೈ ತನಕ ಇಳಿಯುತ್ತಿತ್ತು. ಆ ಇಪ್ಪತ್ತನಾಲ್ಕು ಮೀನೂ ಬದುಕಿ ಈಗಲೂ ಬೆಳ್ಳಂದೂರಿನಲ್ಲಿವೆ.

ಆ ತಾಯಿ ನನ್ನನ್ನೂ ಮಗನನ್ನೂ ಒಮ್ಮೆ ನೋಡಿದರು. ನಾರು ಕೆಳಗಿಟ್ಟರು.

“ಇದ್ಕೇ ಇಷ್ಟು ದೂರ ಬಂದ್ರಾ ತಾಯಿ?” ಅಂದರು. “ಬನ್ನಿ, ಇವನ ಬಚ್ಚಲುಮನೇನೂ ತೋರುಸ್ತೀನಿ. ಬೇಕಾದ್ದು ತಗೊಂಡೋಗಿ.”

೬. ಷರಾ

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ ವೈಟ್‌ಫೀಲ್ಡಿನ ಹೊಸ ಕಟ್ಟಡಕ್ಕೆ ಹೋಗುತ್ತಿತ್ತು. ಕುರ್ಚಿ, ಮೇಜು, ಕಂಪ್ಯೂಟರಿನ ಜೊತೆ ರಿಸೆಪ್ಷನ್ನಿನ ಮೀನುಗಳೂ ಹೋಗಬೇಕು. ಎಲ್ಲಾ ಗಪ್ಪಿ, ಬಣ್ಣದ ಬಾಲದ ಸಣ್ಣ ಮೀನು.

ಹಳೆಯ ಕಟ್ಟಡದ ಗೇಟಿನಲ್ಲಿ ಹೊರಗೆ ಹೋಗುವ ಸಾಮಾನಿಗೆಲ್ಲ ಪಾಸ್ ಬರೆಯಬೇಕು. “ಐಟಂ ಹೆಸರು?” “ಮೀನು.” “ಎಷ್ಟು?” “ಮೂವತ್ತೆರಡು.” “ರಿಟರ್ನಬಲ್ಲಾ, ನಾನ್ ರಿಟರ್ನಬಲ್ಲಾ?” “ನಾನ್.” ಒಯ್ಯುವವರು ಅನ್ನುವ ಕಾಲಮ್ಮಿನಲ್ಲಿ ನನ್ನ ಹೆಸರು, ಫೋನ್ ನಂಬರ್ ಬರೆದು ಸೀಲ್ ಹೊಡೆದು ಕೊಟ್ಟರು. ಅಲ್ಲಿಂದ ವೈಟ್‌ಫೀಲ್ಡಿಗೆ ಎರಡೂವರೆ ಗಂಟೆ.

ಹೊಸ ಕಟ್ಟಡದ ಗೇಟಿನಲ್ಲಿ ಒಬ್ಬ ಹಿರಿಯ ಸೆಕ್ಯುರಿಟಿಯವರು. ಇಸ್ತ್ರಿ ಮುರಿಯದ ಬಟ್ಟೆ, ಕಿವಿಯ ಮೇಲೆ ಪೆನ್ನು. ನಮ್ಮ ಪಾರದರ್ಶಕ ಡಬ್ಬಿಗೆ ಟಾರ್ಚ್ ಹಿಡಿದು ಎಣಿಸಲು ಶುರು ಮಾಡಿದರು. ಮೀನು ಒಂದು ಕಡೆ ನಿಲ್ಲಲಿಲ್ಲ, ಅವರು ಬಿಡಲಿಲ್ಲ. ನಾಲ್ಕನೇ ಸಲ ಮೂವತ್ತೆರಡಕ್ಕೆ ಬಂದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಮೇಡಂ, ಸಣ್ಣ ಸಣ್ಣದು ಏನೋ ಓಡಾಡ್ತಿದೆಯಲ್ಲ?”

ನಾನು ಬಗ್ಗಿ ನೋಡಿದೆ. ಎರಡು ಕಣ್ಣು, ಒಂದು ಗೀಟಿನಷ್ಟು ಮೈ. ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ. ಸಾಗಿಸುವಾಗಿನ ಗಾಬರಿಗೆ ಕೆಲವೊಮ್ಮೆ ಬೇಗನೇ ಹಾಕಿಬಿಡುತ್ತದೆ. ಟ್ರಾಫಿಕ್ಕಿನಲ್ಲಿ ಒಂದೋ ಎರಡೋ ತಾಯಿ ಮೀನು ಮರಿ ಹಾಕಿದ್ದವು.

“ಮರಿ ಸಾರ್. ದಾರೀಲಿ ಹಾಕಿದೆ.”

“ಪಾಸಲ್ಲಿ ಮೂವತ್ತೆರಡು ಅಂತಿದೆ.”

“ಹೊರಡುವಾಗ ಮೂವತ್ತೆರಡೇ ಇದ್ದಿದ್ದು.”

“ಕಮ್ಮಿ ಬಂದ್ರೆ ನಾನು ಬರ್ಕೊಂಡು ಒಳಗೆ ಬಿಡ್ತೀನಿ. ಜಾಸ್ತಿ ಬಂದ್ರೆ ಬಿಡೋ ಹಾಗಿಲ್ಲ. ಎಲ್ಲಿಂದ ಬಂತು ಅಂತ ಕೇಳ್ತಾರೆ.”

ಅವರು ಮೇಲಿನವರಿಗೆ ಫೋನ್ ಮಾಡಿದರು. ಮೇಲಿನವರು ಮೀಟಿಂಗ್‌ನಲ್ಲಿದ್ದರು. ಬಿಸಿಲು ಏರುತ್ತಿತ್ತು, ಡಬ್ಬಿಯ ನೀರು ಬೆಚ್ಚಗಾಗುತ್ತಿತ್ತು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಡ್ರೈವರ್ ಹೇಳಿಬಿಟ್ಟರು.

“ಸಾರ್, ಇನ್ನರ್ಧ ಗಂಟೆ ಇಂಗೇ ನಿಲ್ಸಿ. ಲೆಕ್ಕ ಸರಿ ಓಯ್ತದೆ.”

“ಅದು ಹೇಗೆ?”

“ದೊಡ್ಡವು ಮರೀನ ತಿಂದಾಕ್ತವೆ.”

ಸೆಕ್ಯುರಿಟಿಯವರು ನನ್ನ ಕಡೆ ತಿರುಗಿದರು. ಹೌದು ಅಂತ ತಲೆ ಆಡಿಸಿದೆ. ಗಪ್ಪಿಗೆ ತನ್ನ ಮರಿ, ಬೇರೆಯವರ ಮರಿ ಅನ್ನುವ ಭೇದವಿಲ್ಲ. ಅವರು ಟಾರ್ಚ್ ಹಿಡಿದು ಮತ್ತೆ ನೋಡಿದರು. ಅವರ ಕಣ್ಣೆದುರಿಗೇ ಒಂದು ಮರಿ ಇಲ್ಲವಾಯಿತು.

ಆ ಮನುಷ್ಯರ ಮುಖ ಬಿಳಚಿಕೊಂಡಿತು. ಮಗಳನ್ನು ಹೆರಿಗೆಗೆ ಮನೆಗೆ ಕರೆತಂದಿದ್ದರಂತೆ, ಆಮೇಲೆ ಹೇಳಿದರು. ಅಲ್ಲಿಂದ ಮುಂದೆ ಎಲ್ಲವೂ ಅವರೇ. ಗೇಟಿನ ಕೋಣೆಯಿಂದ ತಮ್ಮ ಊಟದ ಡಬ್ಬಿ ತಂದು, ಚಿತ್ರಾನ್ನವನ್ನು ಮುಚ್ಚಳಕ್ಕೆ ಸುರಿದು, ತೊಳೆದು ಕೊಟ್ಟರು. ತೊಳೆದ ನೀರಿನ ಹನಿಯೂ ಉಳಿಯದ ಹಾಗೆ ನಾನು ಒರೆಸಿ, ಮೀನಿನ ನೀರನ್ನೇ ಅದಕ್ಕೆ ಹಾಕಿದೆ. ಮರಿಗಳನ್ನು ಟೀ ಚಮಚದಲ್ಲಿ ಒಂದೊಂದಾಗಿ ಹಿಡಿದು ಬೇರೆ ಮಾಡಿದೆವು. ಅವರು ಟಾರ್ಚ್ ಹಿಡಿದು, “ಅಲ್ಲೊಂದು, ಅಲ್ಲೊಂದು, ಆ ಬಾಲದ ಹಿಂದೆ” ಅಂತ ತೋರಿಸಿದರು. ಹಿಂದೆ ನಾಲ್ಕು ಕಾರು ನಿಂತಿದ್ದವು. ಹಾರನ್ ಹೊಡೆದವರಿಗೆ ಕೈ ತೋರಿಸಿ ಸುಮ್ಮನಿರಿಸಿದರು. ಒಟ್ಟು ಹತ್ತೊಂಬತ್ತು ಸಿಕ್ಕಿದವು.

ಆಮೇಲೆ ರಿಜಿಸ್ಟರ್ ತೆಗೆದು, ಕಿವಿಯ ಮೇಲಿನ ಪೆನ್ನು ಇಳಿಸಿ, ಪಾಸಿನಲ್ಲಿದ್ದ ನನ್ನ ಹೆಸರು, ಫೋನ್ ನಂಬರ್ ಬರೆದುಕೊಂಡು, ಷರಾ ಕಾಲಮ್ಮಿನಲ್ಲಿ ನಿಧಾನವಾಗಿ ಬರೆದರು: “ದಾರಿಯಲ್ಲಿ ಹೆರಿಗೆ. ತಾಯಿ ಮಕ್ಕಳು ಕ್ಷೇಮ. ಒಳಗೆ ಬಿಡಲಾಗಿದೆ.” ಸಹಿ ಹಾಕಿ ಸಲ್ಯೂಟ್ ಹೊಡೆದು ಗೇಟು ತೆಗೆದರು.

ಮೂರು ದಿನವಾದ ಮೇಲೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ, ಒಂದು ಫೋನ್ ಬಂತು. ಅದೇ ಕಂಪನಿಯ ಎಚ್.ಆರ್. ಕಡೆಯ ಮೇಡಂ. ತುಂಬಾ ಮೃದುವಾದ ದನಿ.

“ಮೇಡಂ, ನಮ್ಮ ಗೇಟ್ ರಿಜಿಸ್ಟರ್ ಇವತ್ತು ನನ್ನ ಟೇಬಲ್‌ಗೆ ಬಂತು. ನಿಮ್ಮ ಹೆಸರಿತ್ತು. ನಮ್ಮ ಗೇಟಲ್ಲೇ ಇಷ್ಟೆಲ್ಲಾ ಆಗಿದೆ, ಯಾರೂ ನಮಗೆ ತಿಳಿಸಿಲ್ಲ. ಸಾರಿ ಮೇಡಂ. ಈಗ ಹೇಗಿದೀರಾ?”

“ಚೆನ್ನಾಗಿದೀನಿ” ಅಂದೆ. ಮೀನಿನ ವಿಷಯಕ್ಕೆ ಒಂದು ಕಂಪನಿ ಇಷ್ಟು ಮರ್ಯಾದೆ ಕೊಡುತ್ತದೆ ಅಂದರೆ ಯಾರಿಗೆ ತಾನೇ ಸಂತೋಷವಾಗಲ್ಲ.

“ಮಗು?”

“ಎಲ್ಲಾ ಚೆನ್ನಾಗಿವೆ ಮೇಡಂ. ಹತ್ತೊಂಬತ್ತು.”

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. ಆಮೇಲೆ ಇನ್ನೂ ಮೆಲ್ಲಗೆ ಕೇಳಿದರು.

“ನಾರ್ಮಲ್ಲಾ, ಸಿಸೇರಿಯನ್ನಾ?”